ಹೊಸ ಲ್ಯಾಪ್‌ಟಾಪಿನ ಮೂರು ಕಾಯಿಲೆಗಳು

ಎಪ್ಪತ್ತೊಂದು ವರ್ಷದ ಹೆಂಗಸು ಹೊಸ ಲ್ಯಾಪ್‌ಟಾಪ್ ಕೊಂಡರೆ ಅದನ್ನು ಹೇಗೆ ಬಳಸಬೇಕೆಂಬ ಬಗ್ಗೆ ಅವಳನ್ನು ಬಿಟ್ಟು ಉಳಿದೆಲ್ಲರಿಗೂ ಖಚಿತವಾದ ಅಭಿಪ್ರಾಯವಿರುತ್ತದೆ. ಹಳೆಯದನ್ನೆಲ್ಲ ಮರೆತು ಹೊಸದಾಗಿ ಶುರು ಮಾಡಬೇಕೆಂಬುದು ನನ್ನ ಮಗಳ ಅಭಿಪ್ರಾಯ. ಅದನ್ನು ತಮಗೆ ಕೊಟ್ಟುಬಿಡಬೇಕೆಂಬುದು ನನ್ನ ಗಂಡನ ಅಭಿಪ್ರಾಯ. ನನ್ನ ಅಳಿಯ ದಂತವೈದ್ಯ. ಅವನಿಗೆ ಯಾವ ವಿಷಯದಲ್ಲೂ ಇರುವುದು ಒಂದೇ ಅಭಿಪ್ರಾಯ: ಕಿತ್ತು ಹಾಕಿ ಹೊಸದು ಕೂಡಿಸಬೇಕು.

ಮೂವರಿಗೂ ನಾನು ಒಂದೇ ಉತ್ತರ ಕೊಟ್ಟೆ. ಆಗುವುದಿಲ್ಲ.

ಕಾರಣವಿದೆ. ನಾನು ಮೂವತ್ತೈದು ವರ್ಷ ವೈದ್ಯಕೀಯ ಕಾಲೇಜಿನಲ್ಲಿ ರೋಗಶಾಸ್ತ್ರ ಕಲಿಸಿದವಳು. ಸೂಕ್ಷ್ಮದರ್ಶಕದಲ್ಲಿ ನೋಡಿದ ಹದಿನಾಲ್ಕು ಸಾವಿರ ಗಾಜಿನ ಸ್ಲೈಡುಗಳ ವಿವರ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿದೆ. ವಿವರಗಳನ್ನು ಯಾರು ಬೇಕಾದರೂ ನಕಲು ಮಾಡಬಹುದು. ನಕಲು ಮಾಡಲಾಗದ್ದು ಅವುಗಳ ಸುತ್ತ ನಾನು ಹದಿನಾರು ವರ್ಷ ಕಟ್ಟಿಕೊಂಡ ವ್ಯವಸ್ಥೆ. ಲ್ಯಾಪ್‌ಟಾಪನ್ನು ನಡೆಸುವ ತಂತ್ರಾಂಶಗಳಲ್ಲಿ ವಿಂಡೋಸ್ ಎಲ್ಲರ ಮನೆಯಲ್ಲೂ ಇರುತ್ತದೆ, ಲಿನಕ್ಸ್ ಹಠಮಾರಿಗಳ ಮನೆಯಲ್ಲಿರುತ್ತದೆ. ನನ್ನದು ಲಿನಕ್ಸ್. ಮೂರು ಅಕ್ಷರ ಒತ್ತಿದರೆ ಇಪ್ಪತ್ತಾರು ಅಕ್ಷರದ ರೋಗದ ಹೆಸರು ಬರುತ್ತದೆ. ಬೆಳಿಗ್ಗೆ ಏಳಕ್ಕೆ ಚಾಲೂ ಮಾಡಿದರೆ ನಾನು ಬರೆಯುತ್ತಿರುವ ರೋಗಶಾಸ್ತ್ರದ ಪುಸ್ತಕ ನಿನ್ನೆ ನಿಲ್ಲಿಸಿದ ಸಾಲಿನಲ್ಲೇ ತೆರೆಯುತ್ತದೆ. ಯಾವಾಗ ಯಾವ ತೊಂದರೆ ಬಂದರೂ ಅದಕ್ಕೊಂದು ಕಟ್ಟಳೆ ಬರೆದು ನಾನೇ ಮದ್ದು ಮಾಡಿದ್ದೇನೆ. ಅಂಥ ಕಟ್ಟಳೆಗಳು ನಾನೂರಕ್ಕೂ ಹೆಚ್ಚಿವೆ. ಕೈತೋಟ ಮಾಡಿದವರಿಗೆ ಇದು ಅರ್ಥವಾಗುತ್ತದೆ. ಹಲ್ಲು ಕೀಳುವವರಿಗೆ ಆಗುವುದಿಲ್ಲ.

ಆದರೆ ಹಳೆಯ ಲ್ಯಾಪ್‌ಟಾಪ್ ಕೊನೆಯ ದಿನಗಳನ್ನು ಎಣಿಸುತ್ತಿತ್ತು. ಎಚ್ಚರವಾಗಲು ಇಪ್ಪತ್ತು ನಿಮಿಷ ಬೇಕಾಗಿತ್ತು, ಎಚ್ಚರವಾದ ಮೇಲೆ ಸುಟ್ಟ ವಾಸನೆ ಬರುತ್ತಿತ್ತು. ಹೊಸದನ್ನು ಕೊಂಡೆ. ಅದರಲ್ಲಿ ವಿಂಡೋಸ್ ಇತ್ತು.

"ವಿಂಡೋಸ್ ತೆಗೀಬೇಡ ಕಣೆ. ಅದು ನನಗಿರಲಿ" ಎಂದರು ಇವರು. ಇವರೆಂದರೆ ನನ್ನ ಗಂಡ, ನಿವೃತ್ತ ಮೋಜಣಿದಾರರು. ನಲವತ್ತು ವರ್ಷ ಊರಿನವರ ಜಮೀನು ಅಳೆದವರು. ಇವರ ನಕ್ಷೆಗಳಿಗೆ ಬೇಕಾದ ತಂತ್ರಾಂಶ ವಿಂಡೋಸಿನಲ್ಲಿ ಮಾತ್ರ ನಡೆಯುತ್ತದೆಯಂತೆ. (ನಕ್ಷೆಗಳ ಜತೆಗೆ ಇಸ್ಪೀಟೂ ನಡೆಯುತ್ತದೆಂದು ನಾನು ನೋಡಿ ಬಲ್ಲೆ.)

ಹಾಗಾದರೆ ಎರಡೂ ಇರಲಿ ಎಂದು ತೀರ್ಮಾನಿಸಿದೆ. ಒಂದೇ ಪೆಟ್ಟಿಗೆಯಲ್ಲಿ ಎರಡು ವ್ಯವಸ್ಥೆ. ಚಾಲೂ ಮಾಡಿದಾಗ ಯಾವುದು ಬೇಕೆಂದು ಅದೇ ಕೇಳುತ್ತದೆ. ನಲವತ್ತೈದು ವರ್ಷದ ದಾಂಪತ್ಯವೂ ಬೇರೇನಲ್ಲವಾದ್ದರಿಂದ ನನಗೆ ಅದು ಕಷ್ಟವೆನಿಸಲಿಲ್ಲ.

ಕಷ್ಟವೆನಿಸಿದ್ದು ಅಳಿಯನಿಗೆ. ಶುಕ್ರವಾರ ಸಂಜೆ ಮಗಳ ಜತೆ ಬಂದವನು ಕುರ್ಚಿಯಲ್ಲಿ ಕೂರುವ ಮೊದಲೇ ಶುರು ಮಾಡಿದ.

"ಅತ್ತೆ, ಅರ್ಧ ಗಂಟೆ ಕೆಲಸ. ನಿಮ್ಮ ಫೈಲುಗಳನ್ನಷ್ಟೇ ಎತ್ಕೊಂಡು ಉಳಿದಿದ್ದೆಲ್ಲ ಬಿಟ್ಬಿಡೋಣ. ಎಲ್ಲರ ಹಾಗೆ ವಿಂಡೋಸ್ ಬಳಸಿ."

"ಎಲ್ಲರ ಹಾಗೆ ಇರೋದಕ್ಕೆ ನನಗೆ ಮೊದಲಿಂದ್ಲೂ ಪುರುಸೊತ್ತು ಸಿಕ್ಕಿಲ್ಲ" ಎಂದೆ.

"ಹದಿನಾರು ವರ್ಷದ ಸಾಮಾನು ಅಮ್ಮ, ಹೊಸದರಲ್ಲಿ ಹ್ಯಾಗೆ ನಡೆಯುತ್ತೆ?" ಮಗಳು ಅವನ ಪಕ್ಷ ಸೇರಿದಳು.

"ನೀನು ನಲವತ್ತು ವರ್ಷದ ಸಾಮಾನು. ನಡೀತಿಲ್ವಾ?"

ಅಳಿಯ ನಕ್ಕ. ಹಲ್ಲು ಕೀಳುವ ಮೊದಲು ರೋಗಿಯನ್ನು ನೋಡಿ ನಗುವ ಹಾಗೆ. "ಸರಿ ಅತ್ತೆ. ಭಾನುವಾರ ಒಂದು ಗಂಟೆಗೆ ಊಟಕ್ಕೆ ಬರ್ತೀವಲ್ಲ, ಅಷ್ಟರೊಳಗೆ ನಿಮ್ಮ ಲಿನಕ್ಸ್ ಹೊಸದರಲ್ಲಿ ಸರಿಯಾಗಿ ನಡೀತಿದ್ರೆ ನಾನು ಇನ್ನು ಆ ಮಾತೇ ಎತ್ತಲ್ಲ. ಒಂದೇ ಒಂದು ದೋಷ ಕಂಡ್ರೂ ನಿಮ್ಮ ಪಾಲು ಅಳಿಸಿ ಇಡೀದಕ್ಕೂ ವಿಂಡೋಸ್ ಹಾಕ್ತೀನಿ. ಆಮೇಲೆ ನೀವು ಮಾತಾಡಬಾರದು."

"ಒಪ್ಪಿದೆ" ಎಂದೆ. ಹದಿನಾರು ವರ್ಷವನ್ನು ಒಂದೇ ಮಾತಿನಲ್ಲಿ ಪಣಕ್ಕಿಟ್ಟೆ ಎಂದು ಹೊಳೆದದ್ದು ಅವರ ಕಾರು ತಿರುವು ದಾಟಿದ ಮೇಲೆ. ಆದರೆ ಆಡಿದ ಮಾತು ಆಡಿದ್ದೇ.

ಶನಿವಾರ ಬೆಳಿಗ್ಗೆ ಎಂಟಕ್ಕೆ ನನ್ನ ಓದುವ ಕೋಣೆಯ ಮೇಜಿನ ಮೇಲೆ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟೆ. ಮೊದಲ ಕೆಲಸ ಹೊಸದರ ಡಿಸ್ಕನ್ನು ಪಾಲು ಮಾಡುವುದು. ಪಾಲು ಎಂಬ ಪದ ಕಿವಿಗೆ ಬೀಳುತ್ತಲೇ ಇವರು ಕನ್ನಡಕ ಹಾಕಿಕೊಂಡು ಬಂದರು.

"ಎಷ್ಟು ಅಗಲ ಇದೆ?"

"ಇದು ಜಮೀನಲ್ಲ. ಸಾವಿರ ಗಿಗಾಬೈಟ್ ಇದೆ. ನಿಮಗೆ ಮುನ್ನೂರು, ನನಗೆ ಏಳುನೂರು."

"ಅಳತೆ ಇಲ್ದೆ ಗಡಿ ಹಾಕ್ಬಾರದು. ನನ್ನ ನಕ್ಷೆಗಳೇ ಮುನ್ನೂರಾಗುತ್ತೆ."

"ಇಸ್ಪೀಟಿನ ನಕ್ಷೆ ಸೇರಿಸಿಯೋ, ಬಿಟ್ಟೋ?"

ಇವರು ಒಂದು ಕಾಗದ ತಂದು ಆಯತ ಬರೆದು, ಅದರ ನಾಲ್ಕು ಮೂಲೆಗೆ ಗುರುತು ಹಾಕಿ, ಉತ್ತರ ದಿಕ್ಕಿಗೆ ಬಾಣ ಎಳೆದರು. ಉತ್ತರ ಎಲ್ಲಿದೆ ಎಂದು ಬರೆಯದೆ ಯಾವ ಕೆಲಸವನ್ನೂ ಆರಂಭಿಸಿದವರಲ್ಲ. ಮುಕ್ಕಾಲು ಗಂಟೆ ಮಾತುಕತೆ ನಡೆಯಿತು. ಕೊನೆಗೆ ಅವರಿಗೆ ನಾನೂರು, ನನಗೆ ಆರುನೂರು ಎಂದು ಇತ್ಯರ್ಥವಾಯಿತು. ಇಬ್ಬರೂ ಆ ಕಾಗದಕ್ಕೆ ಸಹಿ ಹಾಕಿದೆವು. (ಮದುವೆಯಾದಂದಿನಿಂದ ನಾವು ಜಂಟಿಯಾಗಿ ಒಪ್ಪಿ ಸಹಿ ಹಾಕಿದ ಎರಡನೆಯ ಕಾಗದವದು.)

ಆಮೇಲಿನದು ನನ್ನ ಕೆಲಸ. ಹಳೆಯ ಡಿಸ್ಕಿನಲ್ಲಿದ್ದುದನ್ನು ಒಂದು ಚುಕ್ಕೆ ಬಿಡದಂತೆ ನನ್ನ ಆರುನೂರಕ್ಕೆ ಸುರಿದೆ. ನಾಲ್ಕು ಗಂಟೆ ಹಿಡಿಯಿತು. ಚಾಲೂ ಮಾಡಿದೆ. ಕಪ್ಪು ಪರದೆಯ ಮೇಲೆ ಬಿಳಿಯಕ್ಷರ ಮೂಡಿತು: ಹೇಳಿದ ಡಿಸ್ಕ್ ಸಿಗುತ್ತಿಲ್ಲ.

"ನೋಡು, ದೋಷ" ಎಂದರು ಇವರು, ಗೋಡೆಗೊರಗಿ.

ದೋಷವಲ್ಲ. ಮನೆ ಬದಲಾಯಿಸಿದ ಮೇಲೂ ಹಳೆಯ ವಿಳಾಸಕ್ಕೇ ಕಾಗದ ಬರೆಯುವವರಂತೆ ನನ್ನ ಲಿನಕ್ಸ್ ಹಳೆಯ ಡಿಸ್ಕನ್ನು ಹುಡುಕುತ್ತಿತ್ತು. ಹೊಸ ವಿಳಾಸ ಬರೆದುಕೊಟ್ಟೆ. ಎರಡನೆಯ ಸಲ ಚಾಲೂ ಮಾಡಿದಾಗ ಪರದೆಯ ಮೇಲೆ ಎರಡು ಸಾಲು ಬಂದವು. ಮೇಲಿನದು ನನ್ನದು, ಕೆಳಗಿನದು ಅವರದು. ("ಮೇಲಿನ ಸಾಲು ನಿನಗೆ ಯಾಕೆ?" ಎಂಬ ತಕರಾರನ್ನು ಇಲ್ಲಿ ದಾಖಲಿಸುವುದಿಲ್ಲ.) ಮೇಲಿನದನ್ನು ಒತ್ತಿದೆ. ಹಿಂದಿನ ದಿನ ನಿಲ್ಲಿಸಿದ್ದ ಸಾಲಿನಲ್ಲೇ ನನ್ನ ಪುಸ್ತಕ ತೆರೆದುಕೊಂಡಿತು.

ಇಲ್ಲೊಂದು ವಿಷಯ ಹೇಳಬೇಕು. ಓದುವ ಕೋಣೆಯಲ್ಲಿ ಗೋಡೆಗೆ ಹಾಕಿದ ದೊಡ್ಡ ಪರದೆಯೊಂದಿದೆ. ಮೂರು ವರ್ಷದಿಂದ ನಾನು ಲ್ಯಾಪ್‌ಟಾಪನ್ನು ಅದಕ್ಕೇ ಜೋಡಿಸಿ ಬರೆಯುವುದು. ನೋಟ, ಶಬ್ದ ಎರಡೂ ಅದರದ್ದೇ. ಶನಿವಾರವೂ ಹಾಗೆಯೇ ಜೋಡಿಸಿದ್ದೆ. ಸಂಜೆ ನಾಲ್ಕಕ್ಕೆ ಎಲ್ಲವೂ ಸರಿಯಾಗಿದೆಯೆಂದು ಮಗಳಿಗೆ ಸಂದೇಶ ಕಳಿಸಿದೆ. ಎರಡೇ ಪದ: "ಮುಗಿಯಿತು. ಬನ್ನಿ."

ಭಾನುವಾರ ಒಂಬತ್ತಕ್ಕೆ ಇವರು ಲ್ಯಾಪ್‌ಟಾಪನ್ನು ಬಿಚ್ಚಿ ಊಟದ ಮೇಜಿಗೆ ತಂದರು. ಅಳಿಯ ಬರುವ ಮೊದಲು ತಾವೇ ಒಮ್ಮೆ ಪರೀಕ್ಷಿಸುವ ಹುಮ್ಮಸ್ಸು. ಮೇಲಿನ ಸಾಲನ್ನು ಒತ್ತಿದರು.

"ಬಾ ಇಲ್ಲಿ, ಡಾಕ್ಟ್ರೇ" ಎಂದು ಕೂಗಿದರು. ಇವರು ನನ್ನನ್ನು ಡಾಕ್ಟ್ರೇ ಎಂದರೆ ಕೆಟ್ಟ ಸುದ್ದಿ.

ಪರದೆಯ ಬಲಗಡೆಯ ಕಾಲು ಭಾಗ ಕಪ್ಪಾಗಿತ್ತು. ಎಡದ ಮುಕ್ಕಾಲರಲ್ಲಿ ನನ್ನ ಪುಸ್ತಕ ಒತ್ತೊತ್ತಾಗಿ ನಿಂತಿತ್ತು. ಹಾಡು ಹಾಕಿದೆ, ಉಸಿರಿಲ್ಲ. ಇವರು ರೂಢಿಯಂತೆ ಇಂಗ್ಲಿಷಿನಲ್ಲಿ 'ನಾರ್ತ್' ಎಂದು ಬರೆಯಲು ಹೋದರೆ 'ಆರ್ತ್' ಎಂದು ಬಂತು.

"ಎನ್ ಕೀಲಿ ಸತ್ತಿದೆ. ಉತ್ತರ ದಿಕ್ಕೇ ಇಲ್ಲದ ಯಂತ್ರ ಕೊಂಡಿದ್ದೀಯ."

ಮುಂದಿನ ಹತ್ತು ನಿಮಿಷ ನಾನು ಕುರ್ಚಿಯಲ್ಲಿ ಕುಳಿತು ಯೋಚಿಸಿದೆ. ಬಲಗಡೆ ದೃಷ್ಟಿನಾಶ. ಮೂಕತನ. ಒಂದು ಅಂಗದ ಪಾರ್ಶ್ವವಾಯು. ಮೂರು ಲಕ್ಷಣ ಒಂದೇ ರೋಗಿಯಲ್ಲಿ ಒಟ್ಟಿಗೆ ಕಂಡರೆ ಮೂರು ರೋಗ ಹುಡುಕಬೇಡಿ, ಒಂದು ಕಾರಣ ಹುಡುಕಿ. ಇದನ್ನು ನಾನು ಮೂವತ್ತೈದು ವರ್ಷ, ವರ್ಷಕ್ಕೆ ನೂರೈವತ್ತು ಮಂದಿಗೆ ಕಲಿಸಿದ್ದೇನೆ. ಆ ಒಂದು ಕಾರಣ ಸ್ಪಷ್ಟವಾಗಿತ್ತು: ಹುಟ್ಟುವಾಗಲೇ ಕೆಟ್ಟ ಯಂತ್ರವನ್ನು ನನಗೆ ಮಾರಿದ್ದಾರೆ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ" ಎಂದರು ಇವರು.

"ನೆಲ ಡೊಂಕಿದ್ದರೆ ಡೊಂಕು ಅನ್ನಲೇಬೇಕು."

"ನೆಲ ಡೊಂಕೋ ಅಲ್ವೋ ಅಂತ ಹೇಳೋ ಕಸುಬು ನನ್ನದು ಮಾರಾಯ್ತಿ. ಒಂದ್ಸಲ ನನ್ನ ಪಾಲನ್ನೂ ತೆರೆದು ನೋಡೋಣ."

"ರೋಗಿ ನನ್ನದು. ನೀವು ಚಪ್ಪಲಿ ಹಾಕ್ಕೊಳ್ಳಿ. ಅಂಗಡಿ ಹನ್ನೆರಡಕ್ಕೆ ಮುಚ್ಚುತ್ತೆ."

ಹೊರಡುವ ಮೊದಲು ಒಂದು ರೋಗ ವರದಿಯನ್ನೂ ಬರೆದೆ. ಎರಡು ಪುಟ. ಲಕ್ಷಣ, ಪರೀಕ್ಷೆ, ನಿರ್ಣಯ, ಶಿಫಾರಸು. ಶಿಫಾರಸು: ಯಂತ್ರ ಬದಲಿಸಿಕೊಡತಕ್ಕದ್ದು, ಗಂಟೆಯೊಳಗೆ.

ಅಂಗಡಿಯಲ್ಲಿ ಹತ್ತು ಹನ್ನೆರಡು ಗಿರಾಕಿಗಳಿದ್ದರು. ಇದ್ದದ್ದು ಒಳ್ಳೆಯದೇ ಎಂದು ನನಗೆ ಆಗ ಅನಿಸಿತು. ಮಾಲೀಕ ವರದಿಯ ಮೊದಲ ಪುಟ ಓದುವಷ್ಟರಲ್ಲಿ ಬೆವರೊರೆಸಿಕೊಂಡು ಒಳಗಿನಿಂದ ದುರಸ್ತಿಗಾರ್ತಿಯನ್ನು ಕರೆದ. ಐವತ್ತರ ಹತ್ತಿರದ ಹೆಂಗಸು. ಕಿವಿಯ ಹಿಂದೆ ಒಂದು ಸ್ಕ್ರೂಡ್ರೈವರ್, ಮುಖದಲ್ಲಿ ಯಾವ ಭಾವವೂ ಇಲ್ಲ. ನನಗೆ ಮೆಚ್ಚಿಗೆಯಾಯಿತು.

"ಮೂರು ಲಕ್ಷಣಗಳಿವೆ" ಎಂದು ಆರಂಭಿಸಿ, ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ದನಿಯಲ್ಲಿ ಎಲ್ಲವನ್ನೂ ವಿವರಿಸಿದೆ. ಚಾರ್ಜರ್ ಕೊಳ್ಳಲು ಬಂದಿದ್ದವರೊಬ್ಬರು ಕೊಳ್ಳುವುದನ್ನು ಬಿಟ್ಟು ಕೇಳುತ್ತ ನಿಂತರು. ದುರಸ್ತಿಗಾರ್ತಿ ಪೂರ್ತಿ ಕೇಳಿಸಿಕೊಂಡು, ಯಂತ್ರವನ್ನು ಚಾಲೂ ಮಾಡಿ, ಕೆಳಗಿನ ಸಾಲನ್ನು ಒತ್ತಿದಳು.

ವಿಂಡೋಸ್ ಬಂತು. ಅಂಚಿನಿಂದ ಅಂಚಿಗೆ ತುಂಬಿ ಬಂತು. ಬರುವಾಗ ಟಣ್ಣೆಂದು ಸದ್ದನ್ನೂ ಮಾಡಿತು. ಅವಳು ಎನ್ ಕೀಲಿಯನ್ನು ಐದು ಸಲ ಒತ್ತಿದಳು. ಐದು ಎನ್ ಬಂದವು.

"ನನ್ನ ಪಾಲು" ಎಂದರು ಇವರು ಮೆಲ್ಲನೆ, ಚಾರ್ಜರಿನವರಿಗೆ.

"ಕಾಕತಾಳೀಯ" ಎಂದೆ. "ರೋಗ ಬಂದು ಹೋಗುವ ಜಾತಿಯದು. ಮೇಲಿನ ಸಾಲು ಒತ್ತಿ."

ಮೇಲಿನ ಸಾಲು ಒತ್ತಿದಳು. ಕಾಲು ಭಾಗ ಕಪ್ಪು. ಮೌನ. ಎನ್ ಒತ್ತಿದಳು, ಬರಲಿಲ್ಲ. ನಾನು ಗಿರಾಕಿಗಳ ಕಡೆ ತಿರುಗಿ ತಲೆಯಾಡಿಸಿದೆ.

"ಮೇಡಂ, ನೀವೇ ಏನಾದ್ರೂ ಒಂದು ಬರೀರಿ" ಎಂದಳು.

ನನ್ನ ಪುಸ್ತಕದ ಮೊದಲ ಪದವನ್ನೇ ಬರೆದೆ: ಉರಿಯೂತಕ್ಕೆ ಇಂಗ್ಲಿಷಿನಲ್ಲಿರುವ 'ಇನ್‌ಫ್ಲಮೇಶನ್'. ಹನ್ನೆರಡು ಅಕ್ಷರ, ಒಂದೂ ತಪ್ಪಿಲ್ಲದೆ.

ದುರಸ್ತಿಗಾರ್ತಿ ಪರದೆಗೆ ಬಾಗಿದಳು. "ಇದ್ರಲ್ಲಿ ಎರಡು ಎನ್ ಇದಾವೆ ಮೇಡಂ."

"ಇವೆ. ಕಾಗುಣಿತ ನನಗೆ ಗೊತ್ತು."

"ಎನ್ ಸತ್ತಿದೆ ಅಂದ್ರಲ್ಲ. ಇವು ಎಲ್ಲಿಂದ ಬಂದ್ವು?"

ಚಾರ್ಜರಿನವರೂ ಪರದೆಗೆ ಬಾಗಿದರು.

"ಇನ್ನೊಂದ್ಸಲ ಬರೀರಿ. ನಿಧಾನಕ್ಕೆ."

ಬರೆದೆ. ಎರಡನೆಯ ಅಕ್ಷರಕ್ಕೆ ನನ್ನ ಎಡಗೈಯ ಕಿರುಬೆರಳು ತಾನಾಗಿ ಎದ್ದು, ಎಡ ಅಂಚಿನಲ್ಲಿರುವ ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿತು. ದೊಡ್ಡಕ್ಷರಕ್ಕೆಂದು ಇರುವ ಕೀಲಿ ಅದು. ಎನ್ ಬಂತು.

ಹತ್ತು ಹನ್ನೆರಡು ಜನ ನನ್ನ ಕಿರುಬೆರಳನ್ನು ನೋಡುತ್ತಿದ್ದರು. ನಾನೂ ನೋಡಿದೆ. ಆರು ವರ್ಷದ ಹಿಂದೆ ಹಳೆಯ ಲ್ಯಾಪ್‌ಟಾಪಿನ ಎನ್ ಕೀಲಿ ಕಚ್ಚಿಕೊಂಡು ತನ್ನಷ್ಟಕ್ಕೆ ಸಾಲುಗಟ್ಟಲೆ ಎನ್ ಬರೆಯತೊಡಗಿದಾಗ, ಅದನ್ನು ಸುಮ್ಮನಿರಿಸಿ ಅದರ ಕೆಲಸವನ್ನು ಕ್ಯಾಪ್ಸ್ ಲಾಕಿಗೆ ವಹಿಸುವ ಕಟ್ಟಳೆ ಬರೆದವಳು ನಾನೇ. ಅದರ ಸ್ವಂತ ಪರದೆಯ ಬಲಭಾಗ ಹೋದಾಗ ಎಲ್ಲವನ್ನೂ ಎಡದ ಮುಕ್ಕಾಲರಲ್ಲಿ ಕೂಡಿಸುವ ಕಟ್ಟಳೆಯೂ ನನ್ನದೇ. ಸ್ಪೀಕರ್ ಹರಿದು ಕಪ್ಪೆಯ ಹಾಗೆ ವಟಗುಟ್ಟಿದಾಗ ಅದರ ಬಾಯಿ ಕಟ್ಟಿದವಳೂ ನಾನೇ. ಗೋಡೆಯ ಪರದೆ ಬಂದ ಮೇಲೆ ಇವೆಲ್ಲ ಮರೆತುಹೋಗಿದ್ದವು. ಒಂದು ಚುಕ್ಕೆ ಬಿಡದಂತೆ ತಂದೆನಲ್ಲ. ರೋಗಗಳನ್ನು ಅಲ್ಲೇ ಬಿಟ್ಟು ಮದ್ದುಗಳನ್ನಷ್ಟೇ ತಂದಿದ್ದೆ. ಆರೋಗ್ಯವಂತನಿಗೆ ಊರುಗೋಲು ಕೊಟ್ಟು, ಕಣ್ಣಿಗೆ ಪಟ್ಟಿ ಕಟ್ಟಿ, ಕುಂಟ ಕುರುಡನೆಂದು ದೂರು ಬರೆದಿದ್ದೆ. ಎರಡು ಪುಟ.

ಮೂರು ಲಕ್ಷಣಕ್ಕೆ ಒಂದೇ ಕಾರಣವೆಂಬ ಸಿದ್ಧಾಂತ ಮಾತ್ರ ನೂರಕ್ಕೆ ನೂರು ಸರಿಯಾಗಿತ್ತು.

"ವರದಿ ವಾಪಸ್ ಕೊಡಿ" ಎಂದೆ. ಮಾಲೀಕ ಕೊಟ್ಟ. ಕೊಡುವಾಗ "ಅಕ್ಷರ ಬಹಳ ಚೆನ್ನಾಗಿದೆ ಮೇಡಂ" ಎಂದ. ನಾನು ತಲೆ ಎತ್ತಿಯೇ ಹೊರಗೆ ಬಂದೆ. ಮೆಟ್ಟಿಲಿಳಿಯುವಾಗಲೂ ತಗ್ಗಿಸಲಿಲ್ಲ; ಒಂದು ಮೆಟ್ಟಿಲು ತಪ್ಪಿತು, ಇವರು ಹಿಡಿದುಕೊಂಡರು.

ದಾರಿಯಲ್ಲಿ ಇವರು ಕೇಳದೆಯೇ ಲ್ಯಾಪ್‌ಟಾಪಿನ ಚೀಲವನ್ನು ತಾವೇ ಹೊತ್ತುಕೊಂಡರು. ಆ ಉಪಕಾರವೇ ಅನುಮಾನಕ್ಕೆ ಕಾರಣವಾಯಿತು.

"ಆ ಕೀಲಿ ಆರು ವರ್ಷದ ಹಿಂದೆ ತಾನಾಗಿ ಹೇಗೆ ಕೆಟ್ಟಿತು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ" ಎಂದೆ.

ಇವರು ಕೆಮ್ಮಿದರು. "ಪೂರ್ತಿ ತಾನಾಗಿ ಅಂತ ಹೇಳೋಕಾಗಲ್ಲ."

"ಅಂದ್ರೆ?"

"ಅರ್ಧ ಲೋಟ ಚಹಾ. ಅರ್ಧಕ್ಕಿಂತ ಕಮ್ಮಿನೇ ಇರಬೇಕು. ಒರೆಸಿದ್ದೆ."

ಮನಸ್ಸಿಗೆ ಎಷ್ಟು ಹಗುರವಾಯಿತೆಂದರೆ, ಉಳಿದ ದಾರಿಯನ್ನು ನಾನು ಇವರಿಗಿಂತ ಎರಡು ಹೆಜ್ಜೆ ಮುಂದೆ ನಡೆದೆ. ರೋಗಮೂಲ ಕೊನೆಗೂ ಪತ್ತೆಯಾಗಿತ್ತು.

ಮನೆ ಸೇರಿದಾಗ ಹನ್ನೆರಡೂಮುಕ್ಕಾಲು. ಆ ಮೂರು ಕಟ್ಟಳೆಗಳೂ ಒಂದೇ ಕಡತದಲ್ಲಿದ್ದವು. ಕಡತವನ್ನು ಎತ್ತಿ ಪಕ್ಕಕ್ಕಿಟ್ಟೆ. (ಅಳಿಸಲಿಲ್ಲ. ಬರೆದದ್ದನ್ನು ಅಳಿಸುವುದು ನನ್ನ ಪದ್ಧತಿಯಲ್ಲ.) ಪರದೆ ತುಂಬಿತು, ಧ್ವನಿ ಬಂತು, ಎನ್ ಎದ್ದು ಕೂತಿತು. ಅದೇ ಹೊತ್ತಿಗೆ ಕರೆಗಂಟೆಯೂ ಸದ್ದು ಮಾಡಿತು.

ಅಳಿಯ ಕೈ ತೊಳೆದುಕೊಂಡು ಬಂದು ಕುಳಿತ, ರೋಗಿಯ ಬಾಯಿಗೆ ಇಣುಕುವವನಂತೆ. ನನ್ನ ಸಾಲು ತೆರೆದ. ಇವರ ಸಾಲು ತೆರೆದ. ಹಾಡು ಹಾಕಿದ. ಎ ಯಿಂದ ಜಡ್ ತನಕ ಒಂದೊಂದೇ ಕೀಲಿ ಒತ್ತಿದ. ಎಂ ಆದ ಮೇಲೆ ನನ್ನ ಗಂಡ ಕಿಟಕಿಯಾಚೆ ನೋಡತೊಡಗಿದರು. ಎನ್ ಬಂತು. ಉಳಿದವೂ ಬಂದವು.

"ಒಂದೂ ದೋಷ ಇಲ್ಲ!" ಎಂದ. ದನಿಯಲ್ಲಿ ನಿರಾಸೆಯಿತ್ತು. "ಅತ್ತೆ, ಈಗ ನೀವು ಬರೀರಿ. ನಿಮ್ಮ ಕೈಯಲ್ಲೂ ನೋಡಿಬಿಡೋಣ."

ಕುಳಿತು ಬರೆದೆ. ಅದೇ ಪದ. ಮೊದಲ ಅಕ್ಷರ ಚಿಕ್ಕದು ಬಂತು, ನಡುವಿನ ಒಂಬತ್ತೂ ದೊಡ್ಡವು ಬಂದವು, ಎನ್‌ಗಳು ಎರಡೂ ನಾಪತ್ತೆ.

ಇವರು ಕನ್ನಡಕ ಸರಿಪಡಿಸಿಕೊಂಡು ಓದಿದರು. "ಇಫ್ಲಮೇಶಿಯೊ. ಇದು ಯಾವ ದೇಶದ ಕಾಯಿಲೆ?"

ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಅಳಿಯ ಹಿಡಿಯಲಿಲ್ಲ. "ಅತ್ತೆ, ದೋಷ ಸಿಕ್ತು!"

"ದೋಷ ಯಂತ್ರದ್ದಲ್ಲ" ಎಂದೆ. "ನಿನ್ನ ಕೈಯಲ್ಲಿ ಅದು ಸರಿಯಾಗಿ ಬರೀತು. ಎನ್ ಎಲ್ಲಿದೆ ಅಂತ ನನ್ನ ಕಿರುಬೆರಳು ಆರು ವರ್ಷ ಕಲ್ತಿದೆ. ನನ್ನ ವ್ಯವಸ್ಥೆ ಅರ್ಧ ಡಿಸ್ಕಿನಲ್ಲಿದೆ, ಅರ್ಧ ಈ ಬೆರಳಲ್ಲಿದೆ. ಬೆರಳನ್ನೂ ಅಳಿಸಿ ಹೊಸದು ಕೂಡಿಸ್ತೀಯೇನಪ್ಪ?"

ಅವನು ಬೆರಳನ್ನು ನೋಡಿದ. ಮೊದಲ ಬಾರಿಗೆ, ಕೀಳಲಾಗದ ವಸ್ತುವೊಂದು ಅವನೆದುರು ಇತ್ತು.

"ಸರಿ ಅತ್ತೆ, ಸೋತೆ" ಎಂದ. "ಯಂತ್ರದಲ್ಲಿ ದೋಷ ಇಲ್ಲ. ನಿಮ್ಮ ಲಿನಕ್ಸ್ ನಿಮಗೇ ಇರಲಿ. ಆದ್ರೆ ನೀವು ಬರೆಯೋದು ಹ್ಯಾಗೆ?"

"ಹೀಗೆ" ಎಂದು, ಎಲ್ಲರೂ ನೋಡುತ್ತಿರುವಂತೆಯೇ, ಪಕ್ಕಕ್ಕಿಟ್ಟಿದ್ದ ಕಡತವನ್ನು ಒಂದೇ ಆಜ್ಞೆಯಲ್ಲಿ ವಾಪಸು ತಂದೆ. ಎನ್ ಸತ್ತಿತು. ಕ್ಯಾಪ್ಸ್ ಲಾಕ್ ಒತ್ತಿದೆ, ಎನ್ ಬಂತು. ಗೆಲುವಿನ ನಗೆಯನ್ನು ತಡೆದುಕೊಂಡು ತಲೆಯೆತ್ತಿದೆ.

ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಪರದೆಯನ್ನು ನೋಡುತ್ತಿದ್ದರು. ಅದರ ಬಲಗಡೆಯ ಕಾಲು ಭಾಗ ಕಪ್ಪಾಗಿತ್ತು. ಹಾಡೂ ನಿಂತಿತ್ತು. ಎನ್ ಕೀಲಿಯ ಕಟ್ಟಳೆಯೊಂದೇ ಸಾಕಾಗಿದ್ದ ಕಡೆ ನಾನು ಇಡೀ ಕಡತವನ್ನೇ ತಂದಿದ್ದೆ.

"ಅಮ್ಮ" ಎಂದಳು ಮಗಳು, "ಇದು ದೋಷನಾ?"

ಅಳಿಯನ ಕೈ ಆಗಲೇ ಲ್ಯಾಪ್‌ಟಾಪಿನ ಕಡೆ ಬರುತ್ತಿತ್ತು. ನನಗೆ ಲೆಕ್ಕ ಹಾಕಲು ಅರ್ಧ ಕ್ಷಣ ಸಿಕ್ಕಿತು. ದೋಷವೆಂದು ಒಪ್ಪಿದರೆ ಅಳಿಸುತ್ತಾನೆ. ಉದ್ದೇಶವೆಂದರೆ ಉಳಿಯುತ್ತದೆ.

"ಅಲ್ಲ" ಎಂದೆ. "ನನಗೆ ಹೀಗೇ ಬೇಕು. ಬಲಗಡೆ ನಾನು ನೋಡುವುದಿಲ್ಲ."

"ಮತ್ತೆ ಧ್ವನಿ?"

"ನನಗೆ ನಿಶ್ಶಬ್ದ ಇಷ್ಟ. ಊಟ ಆರಿ ಹೋಗ್ತಿದೆ, ಏಳಿ."

ಇದಾಗಿ ಐದು ತಿಂಗಳಾಯಿತು. ಅವರು ಹೋದ ಕೂಡಲೇ ಸದ್ದಿಲ್ಲದೆ ಸರಿಪಡಿಸಿಕೊಳ್ಳಬಹುದೆಂದು ಎಣಿಸಿದ್ದೆ. ಆದರೆ ಅಳಿಯ ಅಂದಿನಿಂದ ಒಂದು ಭಾನುವಾರವನ್ನೂ ತಪ್ಪಿಸಿಲ್ಲ. ಬಂದವನು ಚಪ್ಪಲಿ ಬಿಡುವ ಮೊದಲು ನನ್ನ ಪರದೆಯನ್ನು ಇಣುಕಿ, "ಅತ್ತೆ, ಇನ್ನೂ ಹೀಗೇ ಬೇಕಾ?" ಎನ್ನುತ್ತಾನೆ. "ಬೇಕು" ಎನ್ನುತ್ತೇನೆ. ಗೋಡೆಯ ದೊಡ್ಡ ಪರದೆಗೆ ಜೋಡಿಸೋಣವೆಂದರೆ ಅದನ್ನು ಇವರು ತಮ್ಮ ನಕ್ಷೆಗಳಿಗೆ ತೆಗೆದುಕೊಂಡಿದ್ದಾರೆ. ಕಾಲು ಭಾಗ ಬೇಡವೆಂದು ಬಾಯಾರೆ ಹೇಳಿದವಳಿಗೆ ಅಷ್ಟು ದೊಡ್ಡದು ಯಾಕಂತೆ. ಹಾಗಾಗಿ ಈ ಲೇಖನವನ್ನೂ ಮುಕ್ಕಾಲು ಪರದೆಯಲ್ಲಿ, ನಿಶ್ಶಬ್ದದಲ್ಲಿ ಬರೆದಿದ್ದೇನೆ. ಯಾವ ಅಡಚಣೆಯೂ ಆಗಲಿಲ್ಲ. ಆಗಿದ್ದರೂ ಹೇಳುತ್ತಿರಲಿಲ್ಲ.

ಉಳಲು ಬಾರದ ನೆಲಕ್ಕೆ ಮೋಜಣಿದಾರರ ಲೆಕ್ಕದಲ್ಲಿ ಖರಾಬು ಎಂದು ಹೆಸರಂತೆ. ಅದು ಯಾರ ಪಾಲಿಗೂ ಸೇರುವುದಿಲ್ಲವಂತೆ. ಇವರು ಬೆಳಿಗ್ಗೆ ಹಾಗೆಂದು ವಿವರಿಸಿ, ನನ್ನ ಪರದೆಯ ಬಲಗಡೆ ಒಂದು ಹಳದಿ ಚೀಟಿ ಅಂಟಿಸಿ ಹೋದರು. ಅದರಲ್ಲೇನು ಬರೆದಿದೆಯೋ ನನಗೆ ಗೊತ್ತಿಲ್ಲ. ಆ ಕಡೆ ನಾನು ನೋಡುವುದಿಲ್ಲ.